ಕ್ಯಾಮೆರಾ ಆಮೇಲೆ, ಮೊದಲು ಮೈಕ್ ನೋಡಿ

ವಿಡಿಯೋ ಮೀಟಿಂಗ್ ಶಿಷ್ಟಾಚಾರ ಅಂದ ಕೂಡಲೇ ಎಲ್ಲರೂ ಕ್ಯಾಮೆರಾ ಆನ್ ಇರಬೇಕು ಅನ್ನೋದರಿಂದಲೇ ಶುರು ಮಾಡ್ತಾರೆ. ನನ್ನ ಪ್ರಕಾರ ಅದು ಆಮೇಲಿನ ಮಾತು. ಮುಖ ಕಾಣದಿದ್ರೂ ಮೀಟಿಂಗ್ ನಡೆಯುತ್ತೆ, ದನಿ ಕೇಳದಿದ್ರೆ ನಡೆಯಲ್ಲ.

ಎಕೋ ವಿಷಯವನ್ನೇ ತಗೊಳ್ಳಿ. ನೀವು ಮಾತಾಡಿದ್ದು ನಿಮಗೇ ಮತ್ತೆ ಕೇಳಿಸ್ತಿದ್ರೆ ತಪ್ಪು ಸಾಮಾನ್ಯವಾಗಿ ನಿಮ್ಮ ಕಡೆ ಇರಲ್ಲ. ಬೇರೆ ಯಾರದೋ ಸ್ಪೀಕರ್‌ನಿಂದ ಹೊರಟ ನಿಮ್ಮ ದನಿ ಅವರದೇ ಮೈಕ್‌ಗೆ ಹೊಕ್ಕು ತಿರುಗಿ ಬರ್ತಿದೆ. ತೊಡಕು ಏನಂದ್ರೆ, ಅವರಿಗೆ ಮಾತ್ರ ಅದು ಕೇಳಿಸಲ್ಲ. ಹಾಗಾಗಿ "ಎಕೋ ಬರ್ತಿದೆ" ಅಂತ ಎಲ್ಲರೂ ಹೇಳುವಾಗ ನಿಮಗೊಬ್ಬರಿಗೇ ಸರಿಯಾಗಿ ಕೇಳಿಸ್ತಿದ್ರೆ, ತಕ್ಷಣ ಮ್ಯೂಟ್ ಮಾಡಿ. ಎಕೋ ನಿಂತ್ರೆ ಇಯರ್‌ಫೋನ್ ಹಾಕ್ಕೊಂಡು ವಾಪಸ್ ಬನ್ನಿ.

ಒಂದೇ ಕೋಣೆಯಲ್ಲಿ ಇಬ್ಬರು ಎರಡು ಲ್ಯಾಪ್‌ಟಾಪ್‌ನಿಂದ ಸೇರಿದ್ರಂತೂ ಕಿವಿ ಕೊರೆಯೋ ಕೀರಲು ಸದ್ದೇ ಬರಬಹುದು. ಯಾಕಂದ್ರೆ ಪ್ರತಿ ಲ್ಯಾಪ್‌ಟಾಪೂ ತಾನು ಹೊರಡಿಸಿದ ಸದ್ದನ್ನಷ್ಟೇ ಅಳಿಸಬಲ್ಲದು, ಪಕ್ಕದ್ದು ಏನು ಹೊರಡಿಸ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಒಂದರ ಮೈಕ್, ಸ್ಪೀಕರ್ ಮಾತ್ರ ಇಟ್ಕೊಳ್ಳಿ. ಇನ್ನೊಂದರಲ್ಲಿ ಮ್ಯೂಟ್ ಮಾಡಿದ್ರೆ ಸಾಲದು, ವಾಲ್ಯೂಮೂ ಸೊನ್ನೆಗೆ ಇಳಿಸಬೇಕು.

ಇನ್ನು, ಮಾತಿನ ಮೇಲೆ ಮಾತು ಬೀಳೋದು. ಇದನ್ನ ಒರಟುತನ ಅಂದ್ಕೋಬೇಡಿ. ಎದುರುಬದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರು ಶುರು ಮಾಡೋಕೆ ಸುಮಾರು 200 ಮಿಲಿಸೆಕೆಂಡ್ ಸಾಕು. ನೆಟ್‌ವರ್ಕ್ ವಿಳಂಬವೇ ಅಷ್ಟನ್ನು ತಿಂದುಬಿಡಬಹುದು. ಅವರು ಮುಗಿಸಿದ ಮೇಲೆ ಪೂರ್ತಿ 1 ಸೆಕೆಂಡ್ ಕಾಯಿರಿ. ಆದ್ರೂ ಡಿಕ್ಕಿ ಹೊಡೆದ್ರೆ "ನೀವು ಹೇಳಿ, ನೀವು ಹೇಳಿ" ಅನ್ನೋ ಜಗ್ಗಾಟ ಬೇಡ, ನಡೆಸಿಕೊಡೋರು ಹೆಸರು ಹಿಡಿದು ಒಬ್ಬರನ್ನ ಕರೀಲಿ.

ಸದಾ ಮ್ಯೂಟ್‌ನಲ್ಲೇ ಇರಿ ಅನ್ನೋದನ್ನ ನಾನು ಒಪ್ಪಲ್ಲ. ಮೂರ್ನಾಲ್ಕು ಜನ ಇದ್ದು, ಕೋಣೆ ಶಾಂತವಾಗಿದ್ರೆ ಮೈಕ್ ತೆರೆದೇ ಇರಲಿ. ಹೂಂಗುಟ್ಟೋರೇ ಇಲ್ಲದಿದ್ರೆ ಮಾತಾಡೋರಿಗೆ ಗೋಡೆ ಜೊತೆ ಮಾತಾಡಿದ ಹಾಗಾಗುತ್ತೆ. ಹತ್ತು ಜನ ದಾಟಿದ್ರೆ ಮ್ಯೂಟೇ ಸರಿ. ಕಂಪ್ಯೂಟರ್‌ನ ಝೂಮ್‌ನಲ್ಲಿ ಸ್ಪೇಸ್‌ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮೈಕ್ ತೆರೆದಿರುತ್ತೆ, ಒಂದು ಮಾತು ಸೇರಿಸೋಕೆ ಅಷ್ಟು ಸಾಕು. ಟೈಪ್ ಮಾಡುವಾಗ ಮಾತ್ರ ಖಂಡಿತ ಮ್ಯೂಟ್ ಮಾಡಿ. ಲ್ಯಾಪ್‌ಟಾಪ್ ಮೈಕ್ ಕೀಬೋರ್ಡ್‌ಗೆ ಅಂಟಿಕೊಂಡೇ ಇರುತ್ತೆ, ಪ್ರತಿ ಕೀ ಸುತ್ತಿಗೆ ಏಟಿನ ಹಾಗೆ ಕೇಳುತ್ತೆ.

ಕ್ಯಾಮೆರಾಗೆ ಎರಡೇ ಮಾತು: ಲೆನ್ಸ್ ಕಣ್ಣಿನ ಮಟ್ಟಕ್ಕಿರಲಿ, ಬೆಳಕು ಎದುರಿಂದ ಬರಲಿ. ನೆಟ್‌ವರ್ಕ್ ತಡವರಿಸೋಕೆ ಶುರುವಾದ್ರೆ "ವಿಡಿಯೋ ತೆಗೀತೀನಿ" ಅಂತ ಹೇಳಿ ಆಫ್ ಮಾಡಿ. ದನಿಗೆ 100 ಕೆಬಿಪಿಎಸ್ (ಸೆಕೆಂಡಿಗೆ 100 ಕಿಲೋಬಿಟ್) ಇಂಟರ್ನೆಟ್ ವೇಗ ಸಿಕ್ಕಿದ್ರೂ ಸಾಕು, ನಿಮ್ಮ ಮಾತು ತುಂಡಾಗದೆ ತಲುಪುತ್ತೆ.