ತೂಕದ ಕಾಲಿಗೆ ತಕ್ಕ ಶೂ

ನಮಸ್ಕಾರ. ಮಂಗಳೂರಿನಲ್ಲಿ ಈಗ ಬೆಳಗ್ಗೆ ಓಡುವವರು ಜಾಸ್ತಿಯಾಗಿದ್ದಾರೆ. ಮಂಗಳಾ ಸ್ಟೇಡಿಯಂ ಹತ್ತಿರ, ಕದ್ರಿ ಪಾರ್ಕಿನ ರಸ್ತೆಯಲ್ಲಿ, ಪಣಂಬೂರಿನ ಕಡಲ ಬದಿಯಲ್ಲಿ ಬೆಳಕು ಹರಿಯುವಾಗಲೇ ಜನ ಇರುತ್ತಾರೆ. ಅವರಲ್ಲಿ 90, 100 ಕಿಲೋ ತೂಗುವವರೂ ಇದ್ದಾರೆ. ಅವರನ್ನು ಕಂಡರೆ ನನಗೆ ತುಂಬಾ ಗೌರವ. "ಮೊದಲು ತೂಕ ಇಳಿಸಿ, ಆಮೇಲೆ ಓಡಿ" ಅನ್ನುವ ಮಾತು ಕೇಳಿಸಿಕೊಂಡೂ ಮನೆಯಿಂದ ಹೊರಟವರು ಅವರು. ಇವತ್ತಿನ ಮಾತು ಅವರ ಶೂಗಳ ಬಗ್ಗೆ.

ಅಂಗಡಿಗೆ ಹೋಗಿ "ನನ್ನ ತೂಕ ಜಾಸ್ತಿ, ಒಳ್ಳೆ ಕುಶನ್ ಇರುವ ಶೂ ತೋರಿಸಿ" ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಕೈಗೆ ಬರುವುದು ಅಲ್ಲಿರುವ ಅತಿ ಮೆತ್ತಗಿನ ಜೋಡಿ. ಹೆಬ್ಬೆರಳಲ್ಲಿ ಒತ್ತಿ ತೋರಿಸುತ್ತಾರೆ, ಬೆರಳು ಒಳಗೆ ಇಳಿಯುತ್ತದೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಹಾಯೆನಿಸುತ್ತದೆ. ಆದರೆ ಹೆಬ್ಬೆರಳಿನ ಭಾರ ಬೇರೆ, ಓಡುವ ಮನುಷ್ಯನ ಭಾರ ಬೇರೆ ಅಲ್ವಾ? ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಸುಮಾರು ಎರಡೂವರೆ ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. 60 ಕಿಲೋದವರಿಗೆ ಅದು 150 ಕಿಲೋ, 100 ಕಿಲೋದವರಿಗೆ 250. ನಿಧಾನವಾಗಿ ಓಡಿದರೆ ಒಂದು ಕಿಲೋಮೀಟರಿಗೆ ಸುಮಾರು 1,200 ಹೆಜ್ಜೆ. ಲೆಕ್ಕ ನೀವೇ ಹಾಕಿ.

ಶೂವಿನ ಕುಶನ್ ಅಂದರೆ ಅಡಿಯಲ್ಲಿರುವ ಫೋಮ್. ಅದರೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿರುತ್ತವೆ. ಭಾರ ಬಿದ್ದಾಗ ಕುಗ್ಗಬೇಕು, ಕಾಲೆತ್ತಿದಾಗ ಮತ್ತೆ ಉಬ್ಬಬೇಕು. ತೀರಾ ಮೆತ್ತಗಿನ ಫೋಮ್ 250 ಕಿಲೋ ಬಲಕ್ಕೆ ಅಪ್ಪಚ್ಚಿಯಾಗಿಬಿಡುತ್ತದೆ. ಮತ್ತೆ ಕುಗ್ಗಲು ಜಾಗವೇ ಉಳಿಯುವುದಿಲ್ಲ, ಹಿಮ್ಮಡಿಗೆ ಕಾಂಕ್ರೀಟಿನ ಪೆಟ್ಟು ನೇರವಾಗಿ ತಾಗುತ್ತದೆ. ಅದು ಎಲ್ಲ ಕಡೆ ಒಂದೇ ಸಮ ಕುಗ್ಗುವುದೂ ಇಲ್ಲ. ಒಂದು ಬದಿ ಜಾಸ್ತಿ ತಗ್ಗಿದರೆ ಪಾದ ವಾಲುತ್ತದೆ, ಪಾದದ ಜೊತೆ ಮೊಣಕಾಲೂ ವಾಲುತ್ತದೆ.

ಲಕ್ಸೆಂಬರ್ಗ್‌ನಲ್ಲಿ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. 800ಕ್ಕೂ ಹೆಚ್ಚು ಓಟಗಾರರಿಗೆ ನೋಡಲು ಒಂದೇ ತರದ ಶೂ ಕೊಟ್ಟರು. ಕೆಲವರದು ಮೆತ್ತಗೆ, ಕೆಲವರದು ಗಟ್ಟಿ. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿರಲಿಲ್ಲ. ಗಟ್ಟಿ ಶೂ ಹಾಕಿದವರಿಗೆ ನೋವು, ಗಾಯ ಜಾಸ್ತಿಯಾಯಿತು. ಆದರೆ ತೂಕದ ಪ್ರಕಾರ ಬೇರೆ ಮಾಡಿ ನೋಡಿದಾಗ ಮೆತ್ತಗಿನ ಶೂವಿನ ಲಾಭ ಸ್ಪಷ್ಟವಾಗಿ ಕಂಡದ್ದು ಹಗುರ ಮೈಯವರಲ್ಲಿ. ತೂಕದವರಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ತೂಕ ಜಾಸ್ತಿ ಇದ್ದರೆ ಶೂ ಇನ್ನೂ ಮೆತ್ತಗಿರಬೇಕು ಅನ್ನುವ ನಂಬಿಕೆಗೆ ಇದು ಆಧಾರ ಕೊಡುವುದಿಲ್ಲ.

ಹಾಗಾದರೆ ನೋಡಬೇಕಾದ್ದೇನು? ಫೋಮ್ ದಪ್ಪ ಇರಲಿ, ಹಿಮ್ಮಡಿಯ ಕೆಳಗೆ 35ರಿಂದ 40 ಮಿಲಿಮೀಟರ್. ಆದರೆ ಅದಕ್ಕೆ ಕಸುವೂ ಇರಲಿ. ಅಡಿ ಅಗಲವಾಗಿರಲಿ. ಹಿಮ್ಮಡಿ ಹಿಡಿಯುವ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, ಮಡಚಿಕೊಳ್ಳಬಾರದು. ಬ್ರೂಕ್ಸ್ ಘೋಸ್ಟ್, ಆಸಿಕ್ಸ್ ಜೆಲ್ ನಿಂಬಸ್, ನ್ಯೂ ಬ್ಯಾಲೆನ್ಸ್ 1080, ಹೋಕಾ ಬೋಂಡಿ ಇವೆಲ್ಲ ದಿನದ ಓಟಕ್ಕೆಂದೇ ಮಾಡಿದ ದಪ್ಪ ಕುಶನ್ ಶೂಗಳು. ಪಾದ ಒಳಕ್ಕೆ ವಾಲುವವರು ಆಸಿಕ್ಸ್ ಕಯಾನೋ ಕೂಡ ಹಾಕಿ ನೋಡಬಹುದು. ಬೆಲೆ ಜಾಸ್ತಿ, ನಿಜ. ಹೊಸ ಮಾಡೆಲ್ ಬಂದಾಗ ಹಳೆಯದಕ್ಕೆ ರಿಯಾಯಿತಿ ಸಿಗುತ್ತದೆ, ಅದನ್ನೇ ಧೈರ್ಯವಾಗಿ ಕೊಳ್ಳಿ. ಫೋಮಿನೊಳಗೆ ಗಟ್ಟಿ ಕಾರ್ಬನ್ ಪ್ಲೇಟ್ ಇರುವ ರೇಸ್ ಶೂ ಮಾತ್ರ ದಿನದ ಓಟಕ್ಕೆ ಬೇಡ. ಬೆಲೆ ದುಬಾರಿ, ಬಾಳಿಕೆ ಕಡಿಮೆ.

ಅಗಲದ ವಿಷಯವನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. 9 ನಂಬರ್ ಬಿಗಿ ಅಂದರೆ ಸೀದಾ 10 ಕೊಡುತ್ತಾರೆ. ಆಗ ಉದ್ದ ಜಾಸ್ತಿಯಾಗಿ ಹಿಮ್ಮಡಿ ಒಳಗೆ ಜಾರುತ್ತದೆ. ಗಂಡಸರ ಶೂವಿನಲ್ಲಿ ಸಾಮಾನ್ಯ ಅಗಲಕ್ಕೆ ಡಿ, ಅದಕ್ಕಿಂತ ಅಗಲಕ್ಕೆ 2ಇ, ಇನ್ನೂ ಅಗಲಕ್ಕೆ 4ಇ ಅಂತ ಗುರುತು ಇರುತ್ತದೆ. ಹೆಂಗಸರದ್ದರಲ್ಲಿ ಬಿ ಸಾಮಾನ್ಯ, ಡಿ ಅಂದರೆ ಅಗಲ. ಇದನ್ನು ಹೆಸರು ಹಿಡಿದೇ ಕೇಳಿ. ಒಂದು ಪರೀಕ್ಷೆಯನ್ನಂತೂ ಬಿಡಬೇಡಿ. ಶೂ ಒಳಗಿನ ಹಾಸನ್ನು ಎಳೆದು ಹೊರತೆಗೆಯಿರಿ, ನೆಲದ ಮೇಲಿಡಿ, ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಕಿರುಬೆರಳ ಕಡೆ ಪಾದ ಹಾಸಿನಿಂದ ಆಚೆ ಚಾಚಿದರೆ ಆ ಶೂ ನಿಮಗಲ್ಲ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗವೂ ಬೇಕು. ಕದ್ರಿ ಗುಡ್ಡ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರು ಬಡಿಯುತ್ತದೆ. ಕೊಳ್ಳಲು ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಊದುತ್ತದೆ ನೋಡಿ.

ಇನ್ನು ನಮ್ಮ ಮಳೆ. ಜೂನ್ ಬಂತೆಂದರೆ ಫುಟ್‌ಪಾತಿನ ಇಂಟರ್‌ಲಾಕ್ ಮೇಲೆ ಪಾಚಿ. ಅಡಿಯಲ್ಲಿ ಬರೀ ಫೋಮ್ ಇರುವ ಶೂ ಅಲ್ಲಿ ಜಾರುತ್ತದೆ, ರಬ್ಬರ್ ಪಟ್ಟಿ ಇರುವುದೇ ಬೇಕು. ಒದ್ದೆ ಶೂವನ್ನು ಒಲೆ ಹತ್ತಿರ, ಹೀಟರ್ ಮುಂದೆ ಒಣಗಿಸಬೇಡಿ. ಬಿಸಿಗೆ ಅಂಟು ಬಿಡುತ್ತದೆ, ಫೋಮ್ ಸೊರಗುತ್ತದೆ. ಹಾಸು ಹೊರಗೆ ತೆಗೆದು, ಒಳಗೆ ಪೇಪರ್ ತುರುಕಿ, ಫ್ಯಾನ್ ಕೆಳಗಿಡಿ. ಪೇಪರ್ ಒದ್ದೆಯಾದ ಹಾಗೆ ಬದಲಿಸಿ. ಸಾಧ್ಯವಾದರೆ ಎರಡು ಜೋಡಿ ಇಟ್ಟುಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಂತೂ ಬಿಟ್ಟುಬರಬೇಡಿ.

ಒಂದು ಜೋಡಿ ಎಷ್ಟು ಕಾಲ ಬಾಳುತ್ತದೆ? ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಅನ್ನುತ್ತಾರೆ. ತೂಕದವರು 500ರ ಹತ್ತಿರ ಬರುವಾಗಲೇ ಪರೀಕ್ಷೆ ಶುರುಮಾಡಿ. ಮೇಲಿನ ಬಟ್ಟೆ ಹೊಸದರಂತೆಯೇ ಇರುತ್ತದೆ, ಅದನ್ನು ನಂಬಬೇಡಿ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿದೆಯಾ? ಹಿಮ್ಮಡಿಯ ಕೆಳಗೆ ಫೋಮಿನ ಬದಿಯಲ್ಲಿ ಅಡ್ಡ ಗೆರೆಗಳು ಮೂಡಿ, ಒಂದು ರಾತ್ರಿ ಬಿಟ್ಟರೂ ಹೋಗುತ್ತಿಲ್ಲವಾ? ಹಾಗಿದ್ದರೆ ಆ ಜೋಡಿ ಇನ್ನು ಪೇಟೆಗೆ, ಸಂತೆಗೆ ಮಾತ್ರ. ಹೊಸದು ತಂದ ದಿನ ಅದರ ನಾಲಗೆಯ (ಲೇಸಿನ ಕೆಳಗಿನ ಪಟ್ಟಿ) ಒಳಬದಿಗೆ ಪೆನ್ನಿನಲ್ಲಿ ತಾರೀಕು ಬರೆದಿಡಿ. ನಮಸ್ಕಾರ.