ಬಸಳೆ ಬುಡಕ್ಕೆ ಹೋಗುವ ನೀರು

ಕೇಳುಗರಿಗೆ ನಮಸ್ಕಾರ.

ಸುರತ್ಕಲ್ ಹತ್ತಿರ ನನ್ನ ಚಿಕ್ಕಮ್ಮನ ಮನೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಬಸಳೆ ಚಪ್ಪರ. ಒಗೆದ ನೀರು ಸಣ್ಣ ಕಣಿಯಲ್ಲಿ ಹರಿದು ಬಸಳೆ ಬುಡಕ್ಕೆ, ಅಲ್ಲಿಂದ ತೆಂಗಿನ ಬುಡಕ್ಕೆ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ವಾಷಿಂಗ್ ಮೆಷಿನ್ ಕೊಳ್ಳಲು ನಾವಿಬ್ಬರೂ ಮಂಗಳೂರು ಪೇಟೆಗೆ ಹೋದೆವು. ಅಂಗಡಿಯ ಹುಡುಗ ಒಂದು ಹೊಸ ಮೆಷಿನ್ ತೋರಿಸಿದ. ಇದರಲ್ಲಿ ಬೆಳ್ಳಿ ಉಂಟು, ನೀರಿಗೆ ಬೆಳ್ಳಿ ಬಿಡುತ್ತದೆ, ಬಟ್ಟೆಯ ಕ್ರಿಮಿಗಳೆಲ್ಲ ಸಾಯುತ್ತವೆ ಎಂದ. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ಆ ನೀರು ಬಸಳೆಗೆ ಬಿಡಬಹುದಾ?"

ಹುಡುಗನಿಗೆ ಗೊತ್ತಿರಲಿಲ್ಲ. ಪಾಪ, ಕೈಪಿಡಿ ತಿರುವಿ ಹುಡುಕಿದ. ಬಟ್ಟೆ, ಸೋಪು, ಕರೆಂಟು ಎಲ್ಲದರ ಬಗ್ಗೆಯೂ ಬರೆದಿತ್ತು. ಹೊರಗೆ ಹೋಗುವ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಪ್ರಶ್ನೆ ಸಣ್ಣದಲ್ಲ. ಮಣ್ಣಿನಲ್ಲಿ ಗಿಡಕ್ಕೆ ಆಹಾರ ಒದಗಿಸುವುದೂ ಕಣ್ಣಿಗೆ ಕಾಣದ ಜೀವಿಗಳೇ ಅಲ್ವಾ? ಬೆಳ್ಳಿಗೆ ಒಳ್ಳೆಯವು, ಕೆಟ್ಟವು ಎಂಬ ಭೇದ ತಿಳಿಯುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ ಇಂಥ ಮೆಷಿನ್‌ಗಳನ್ನು ಕೀಟನಾಶಕದ ಕಾನೂನಿನಡಿ ನೋಂದಾಯಿಸಬೇಕು ಎಂದು ಹೇಳಿತು. ಬಸಳೆ ಸತ್ತೇ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೆಷಿನ್ ಅಂಗಡಿಗೆ ಬರುವ ಮೊದಲೇ ಯಾರಾದರೂ ಹೀಗೆ ಕೇಳಬೇಕಿತ್ತು. ಕೇಳಲು ತಿಳಿದವಳು ನನ್ನ ಚಿಕ್ಕಮ್ಮ. ಅವಳನ್ನು ಯಾರೂ ಕರೆದಿರಲಿಲ್ಲ.

ಡೆನ್ಮಾರ್ಕ್‌ನಲ್ಲಿ ಕರೆದರು. 1987ರಲ್ಲಿ ಅಲ್ಲಿ ಒಂದು ಪದ್ಧತಿ ಶುರುವಾಯಿತು. ಹೊಸ ತಂತ್ರಜ್ಞಾನವೊಂದರ ಬಗ್ಗೆ ಚರ್ಚಿಸಲು ಸುಮಾರು ಹದಿನೈದು ಸಾಮಾನ್ಯ ಜನರನ್ನು ಒಟ್ಟು ಸೇರಿಸುತ್ತಾರೆ. ಅವರು ಆ ವಿಷಯದ ಪಂಡಿತರಾಗಿರಬಾರದು. ಮೊದಲು ವಾರದ ರಜೆಗಳಲ್ಲಿ ಕೂತು ಓದುತ್ತಾರೆ, ಪ್ರಶ್ನೆ ಬರೆದುಕೊಳ್ಳುತ್ತಾರೆ. ಆಮೇಲೆ ವಿಜ್ಞಾನಿಗಳು ಎಲ್ಲರೆದುರು ಬಂದು ಉತ್ತರ ಕೊಡಬೇಕು. ಕೊನೆಗೆ ವರದಿ ಬರೆಯುವವರು ಆ ಸಾಮಾನ್ಯ ಜನರೇ. 1989ರಲ್ಲಿ, ಆಹಾರ ಕೆಡದ ಹಾಗೆ ಅದಕ್ಕೆ ವಿಕಿರಣ ಹಾಯಿಸುವ ವಿಚಾರಕ್ಕೆ ಹೀಗೆ ಕೂತಿದ್ದರು. ಆಮೇಲೆ ಅಲ್ಲಿನ ಸಂಸತ್ತು ಒಣ ಸಂಬಾರ ಪದಾರ್ಥಗಳಿಗೆ ಮಾತ್ರ ಒಪ್ಪಿತು.

ನಮ್ಮಲ್ಲೂ ಜನರನ್ನು ಕೇಳಿದ್ದುಂಟು. 2010ರಲ್ಲಿ ಬಿಟಿ ಬದನೆಯ, ಅಂದರೆ ಹುಳು ತಡೆಯಲು ಬೇರೊಂದು ಜೀವಿಯ ವಂಶವಾಹಿ ಸೇರಿಸಿದ ಬದನೆಯ ವಿಚಾರದಲ್ಲಿ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಭೆ ಕರೆದರು. ಫೆಬ್ರವರಿ 9ರಂದು ಆ ಬದನೆಯನ್ನು ತಡೆಹಿಡಿದರು. ಉಡುಪಿಯವರಿಗೆ ಇದು ದೂರದ ಸುದ್ದಿಯಲ್ಲ. ಕಟಪಾಡಿ ಪಕ್ಕದ ಮಟ್ಟುವಿನಲ್ಲಿ ಗುಳ್ಳ ಎಂಬ ಊರಿನದೇ ಬದನೆ ಬೆಳೆಯುವವರಿಗೆ, ಪಕ್ಕದ ಗದ್ದೆಯ ಪರಾಗ ಬಂದು ಸೇರಿದರೆ ನಮ್ಮ ಬೀಜ ನಮ್ಮದಾಗಿ ಉಳಿಯುತ್ತದಾ ಎನ್ನುವುದು ಬದುಕಿನ ಪ್ರಶ್ನೆ. ಆದರೂ ಆ ಸಭೆಗಳಲ್ಲಿ ಜನ ಜಾಸ್ತಿ, ಹೊತ್ತು ಕಡಿಮೆ. ಅಂಥ ಗದ್ದಲದಲ್ಲಿ ಮೆಲ್ಲಗೆ ಮಾತಾಡುವವರ ದನಿ ಮೈಕಿನ ತನಕ ಮುಟ್ಟುವುದು ಕಷ್ಟ. ನನಗೆ ಡೆನ್ಮಾರ್ಕ್‌ನ ಆ ನಿಧಾನವೇ ಹೆಚ್ಚು ಇಷ್ಟ.

ಅದನ್ನು ನಮ್ಮ ಊರಲ್ಲಿ ಮಾಡಬಹುದು. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಎಂಬ ಎಂಜಿನಿಯರಿಂಗ್ ಕಾಲೇಜು ಉಂಟು, ಎಕ್ಕೂರಿನಲ್ಲಿ ಮೀನುಗಾರಿಕಾ ಕಾಲೇಜು ಉಂಟು. ಉತ್ತರ ಹೇಳುವವರಿಗೆ ಬರ ಇಲ್ಲ. ಎದುರು ಕೂರಲು ಬೀಡಿ ಕಟ್ಟುವವರು, ರಿಕ್ಷಾ ಓಡಿಸುವವರು, ಧಕ್ಕೆಯಲ್ಲಿ ಮೀನು ಮಾರುವವರು ಬರಲಿ. ಮಾತು ಕನ್ನಡದಲ್ಲಿ, ತುಳುವಿನಲ್ಲಿ ಆಗಲಿ. ಆ ದಿನದ ಸಂಬಳವನ್ನೂ ಕೊಡಬೇಕು, ಇಲ್ಲದಿದ್ದರೆ ಪುರುಸೊತ್ತು ಇದ್ದವರು ಮಾತ್ರ ಬರುತ್ತಾರೆ.

ಮುಖಕ್ಕೆ ಉಜ್ಜುವ ಕ್ರೀಮುಗಳಲ್ಲಿ ಪುಟ್ಟ ಪುಟ್ಟ ಪ್ಲಾಸ್ಟಿಕ್ ಮಣಿ ಹಾಕುತ್ತಿದ್ದರು, ನೆನಪುಂಟಾ? ಮುಖ ತೊಳೆದರೆ ಅದು ಚರಂಡಿಗೆ, ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಅಮೆರಿಕ ಅದರ ವಿರುದ್ಧ ಕಾನೂನು ಮಾಡಿದ್ದು 2015ರಲ್ಲಿ. ಅಷ್ಟರಲ್ಲಿ ವರ್ಷಗಟ್ಟಲೆ ಮಾರಿ ಆಗಿತ್ತು. ದಿನಾ ಬಂಗುಡೆಯ ಹೊಟ್ಟೆ ಸೀಳಿ ಶುಚಿ ಮಾಡುವ ಹೆಂಗಸಿನ ಅಂಗೈಗೆ ಆ ಮಣಿಗಳನ್ನು ಮೊದಲೇ ಸುರಿದು ತೋರಿಸಿದ್ದರೆ, "ಇದು ನೀರಲ್ಲಿ ಕರಗುತ್ತದಾ?" ಎಂದು ಅವಳು ಆಗಲೇ ಕೇಳುತ್ತಿದ್ದಳು.

ಚಿಕ್ಕಮ್ಮ ಆ ಮೆಷಿನ್ ತೆಗೆದುಕೊಳ್ಳಲಿಲ್ಲ. ಕಂಪನಿಯವರನ್ನು ಕೇಳಿ ಹೇಳುತ್ತೇನೆ ಎಂದು ಹುಡುಗ ಅವಳ ಫೋನ್ ನಂಬರ್ ಬರೆದುಕೊಂಡಿದ್ದ. ಆ ಫೋನ್ ಇನ್ನೂ ಬಂದಿಲ್ಲ.

ನಮಸ್ಕಾರ.