ಇಂಗಲ್‌ವುಡ್‌ನ ಅರವತ್ತು ಎಕರೆ

ತಲೆಯ ಮೇಲೆ ನಿಮಗೆ ಕೇಳಿಸುತ್ತಿರುವುದು ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿರುವ ವಿಮಾನದ ಸದ್ದು. ನಿಲ್ದಾಣದ ಪೂರ್ವಕ್ಕಿರುವ ಇಂಗಲ್‌ವುಡ್ ಎಂಬ ಪುಟ್ಟ ನಗರದ ಪ್ರೇರಿ ಅವೆನ್ಯೂದಲ್ಲಿ ನಾನು ನಿಂತಿದ್ದೇನೆ. ಆ ದುಂಡನೆಯ ಕಟ್ಟಡದ ಹೆಸರು ಫೋರಂ; ಸಂಗೀತ ಕಾರ್ಯಕ್ರಮಗಳು ನಡೆಯುವ ದೊಡ್ಡ ಒಳಾಂಗಣ. ಅದರ ದಕ್ಷಿಣಕ್ಕೆ 2020ರಲ್ಲಿ ತೆರೆದ ಸೋಫೈ ಕ್ರೀಡಾಂಗಣವಿದೆ. ಇಲ್ಲಿಗೆ ಬಂದವರೆಲ್ಲ ಕ್ರೀಡಾಂಗಣದ ಚಾವಣಿಯನ್ನು ಚಿತ್ರೀಕರಿಸಿಕೊಂಡು ಹೋಗುತ್ತಾರೆ. ನಾನು ತೋರಿಸಬೇಕೆಂದುಕೊಂಡು ಬಂದದ್ದು ಇವೆರಡರ ನಡುವಿನ ನೆಲವನ್ನು. ಇಪ್ಪತ್ತು ವರ್ಷಗಳ ಹಿಂದೆ ಖಾಲಿಯಿದ್ದ ಈ 60 ಎಕರೆಯಲ್ಲಿ ಅಮೆರಿಕದ ಬೃಹತ್ ಚಿಲ್ಲರೆ ಮಾರಾಟ ಕಂಪನಿ ವಾಲ್‌ಮಾರ್ಟ್ ತನ್ನ ಸೂಪರ್‌ಸೆಂಟರನ್ನೂ ಅದರ ಸುತ್ತ ಇನ್ನಷ್ಟು ಅಂಗಡಿ, ಹೋಟೆಲುಗಳನ್ನೂ ಕಟ್ಟಬೇಕೆಂದಿತ್ತು. ಊರಿನವರು ಬೇಡವೆಂದರು.

ಸೂಪರ್‌ಸೆಂಟರ್ ಎಂದರೆ ಬಟ್ಟೆಬರೆ, ಪಾತ್ರೆಪಗಡಿಗಳ ಜೊತೆಗೆ ದಿನಸಿ, ಹಾಲು, ಹಣ್ಣು, ತರಕಾರಿಗಳನ್ನೆಲ್ಲ ಒಂದೇ ಸೂರಿನಡಿ ಮಾರುವ ಮಳಿಗೆ. ಇಂಥ ಮಳಿಗೆ ಬಂದರೆ ತಮ್ಮ ಸಂಬಳಕ್ಕೂ ಆರೋಗ್ಯ ವಿಮೆಗೂ ಕತ್ತರಿ ಬೀಳುತ್ತದೆ ಎಂಬ ಭಯ ದಿನಸಿ ಅಂಗಡಿಗಳ ನೌಕರರಲ್ಲಿತ್ತು, ಮತ್ತು ಆ ಭಯಕ್ಕೆ ಆಧಾರವೂ ಇತ್ತು: 2003ರ ಅಕ್ಟೋಬರ್‌ನಿಂದ 2004ರ ಫೆಬ್ರವರಿ ಕೊನೆಯವರೆಗೆ ದಕ್ಷಿಣ ಕ್ಯಾಲಿಫೋರ್ನಿಯಾದ ದೊಡ್ಡ ದಿನಸಿ ಮಳಿಗೆಗಳಲ್ಲಿ ನಡೆದ ಮುಷ್ಕರದ ವೇಳೆ, ವಾಲ್‌ಮಾರ್ಟ್ ಜೊತೆ ಪೈಪೋಟಿಗೆ ಇಳಿಯಬೇಕಾಗಿದೆ ಎಂಬುದನ್ನೇ ಮುಂದಿಟ್ಟುಕೊಂಡು ಮಾಲೀಕರು ಸೌಲಭ್ಯಗಳನ್ನು ಕಡಿತಗೊಳಿಸಲು ಹೊರಟಿದ್ದರು. ಇನ್ನೊಂದು ಕಡೆ, ಕರಿಯರು ಮತ್ತು ಲ್ಯಾಟಿನೋ ಜನರೇ ಹೆಚ್ಚಾಗಿರುವ ಈ ಊರಿಗೆ ಕೆಲಸವೂ ತೆರಿಗೆಯ ವರಮಾನವೂ ನಿಜವಾಗಿ ಬೇಕಾಗಿದ್ದವು. ಅಂದಿನ ಮೇಯರ್ ರೂಸ್‌ವೆಲ್ಟ್ ಡಾರ್ನ್ ಯೋಜನೆಯ ಪರವಾಗಿ ನಿಂತರು. ಮಳಿಗೆ ಬರಲಿ ಎಂದವರನ್ನು ನಾನು ತಪ್ಪುಗಾರರೆಂದು ಕಾಣುವುದಿಲ್ಲ. ಹತ್ತಿರದಲ್ಲೇ ಅಗ್ಗದ ಸಾಮಾನು ಸಿಗಲಿ, ಮಕ್ಕಳಿಗೆ ಊರಿನಲ್ಲೇ ಕೆಲಸ ಸಿಗಲಿ ಎಂದು ಬಯಸುವುದರಲ್ಲಿ ತಪ್ಪೇನಿದೆ?

ಆದರೆ ಕಂಪನಿ ಹಿಡಿದ ದಾರಿಯೇ ಬೇರೆ. ನಗರಸಭೆಯ ಒಪ್ಪಿಗೆ ಸಿಗುವ ಲಕ್ಷಣ ಕಾಣದಿದ್ದಾಗ ಅದು ನಾಗರಿಕರಿಂದ ಸಹಿ ಸಂಗ್ರಹಿಸಿ, ತನ್ನ ಇಡೀ ಯೋಜನೆಯನ್ನೇ 71 ಪುಟಗಳ ಕಾನೂನಾಗಿ ಬರೆದು ನೇರವಾಗಿ ಮತದಾನಕ್ಕೆ ಇರಿಸಿತು. ಅದರ ಹೆಸರು ಮೆಷರ್ 04-ಎ. ಅದು ಗೆದ್ದಿದ್ದರೆ ಪರಿಸರ ಪರಿಶೀಲನೆ, ವಾಹನ ಸಂಚಾರದ ಅಧ್ಯಯನ, ಸಾರ್ವಜನಿಕ ವಿಚಾರಣೆ ಯಾವುದೂ ಇಲ್ಲದೆ ನಗರಸಭೆ ಕಟ್ಟಡದ ಪರವಾನಗಿ ಕೊಡಬೇಕಾಗುತ್ತಿತ್ತು. ಮುಂದೆ ಅದನ್ನು ಬದಲಿಸಬೇಕೆಂದರೆ ಮತದಾರರ ಮೂರನೇ ಎರಡರಷ್ಟು ಮತ ಬೇಕಾಗುತ್ತಿತ್ತು. ಮನೆಯ ಮುಂದೆ ಎಷ್ಟು ಲಾರಿಗಳು ಬರುತ್ತವೆ, ಸಾಮಾನು ಇಳಿಸುವುದು ಯಾವ ಹೊತ್ತಿನಲ್ಲಿ, ಚರಂಡಿಯ ನೀರು ಯಾವ ಕಡೆಗೆ ಎಂದು ಕೇಳುವ ಜಾಗವನ್ನೇ ಆ 71 ಪುಟಗಳು ಮುಚ್ಚಿಬಿಡುತ್ತಿದ್ದವು. ಮಳಿಗೆಗಿಂತಲೂ ನನ್ನನ್ನು ಕಾಡುವುದು ಇದೇ.

ಬೆಂಗಳೂರಿನಿಂದ ಬಂದ ನನಗೆ ಈ ಭಾಗ ಬೇಗ ಅರ್ಥವಾಯಿತು. ಮನೆಗಳ ನಡುವಿನ ನಿವೇಶನದ ಭೂ ಉಪಯೋಗವನ್ನು ವಾಣಿಜ್ಯಕ್ಕೆ ಬದಲಿಸುವಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂದು ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹೇಳುತ್ತದೆ. ಆ ಪ್ರಕಟಣೆ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ; ಆದರೂ ಆಕ್ಷೇಪಿಸುವ ಹಕ್ಕು ಉಳಿದಿದೆ.

ಇಂಗಲ್‌ವುಡ್‌ನಲ್ಲಿ ಚರ್ಚುಗಳ ಪಾದ್ರಿಗಳು, ದಿನಸಿ ನೌಕರರ ಸಂಘ ಮತ್ತು ನಿವಾಸಿಗಳು ಒಟ್ಟಾಗಿ ಮನೆಮನೆಗೆ ನಡೆದರು. ಪ್ರಚಾರಕ್ಕೆ ಕಂಪನಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಸುರಿದಿತ್ತು. 2004ರ ಏಪ್ರಿಲ್ 6ರಂದು ಮತ ಎಣಿಸಿದಾಗ ವಿರುದ್ಧ 7,049, ಪರವಾಗಿ 4,575 ಮತಗಳು ಬಿದ್ದಿದ್ದವು. ಅದೇ ವರ್ಷ ಪಕ್ಕದ ಲಾಸ್ ಏಂಜಲೀಸ್ ನಗರ, ಇಂಥ ಬೃಹತ್ ಮಳಿಗೆ ಕಟ್ಟುವವರು ಅದರಿಂದ ಸುತ್ತಲಿನ ಬದುಕಿಗೆ ಆಗುವ ಪರಿಣಾಮದ ವರದಿಯನ್ನು ಮೊದಲೇ ಸಲ್ಲಿಸಬೇಕೆಂಬ ನಿಯಮ ತಂದಿತು.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಸಂತೋಷದಿಂದ ಹಿಂತಿರುಗುತ್ತಿದ್ದೆ. 2014ರಲ್ಲಿ ಈ 60 ಎಕರೆ, ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಒಡೆಯರಾದ ಸ್ಟ್ಯಾನ್ ಕ್ರೋಂಕಿ ಅವರ ಕೈಸೇರಿತು. ಹಳೆಯ ಕುದುರೆ ಪಂದ್ಯದ ಮೈದಾನದ 238 ಎಕರೆಯ ಜೊತೆ ಕೂಡಿ ಕ್ರೀಡಾಂಗಣದ ಯೋಜನೆಯಾಯಿತು. ಮತ್ತೆ ಅದೇ ಸಹಿ ಸಂಗ್ರಹದ ದಾರಿ. ಈ ಬಾರಿ ಮತದಾನವೂ ನಡೆಯಲಿಲ್ಲ. ಸಹಿಗಳನ್ನು ಸ್ವೀಕರಿಸಿದ ನಗರಸಭೆ 2015ರ ಫೆಬ್ರವರಿಯಲ್ಲಿ ಸರ್ವಾನುಮತದಿಂದ ತಾನೇ ಅದನ್ನು ಅಂಗೀಕರಿಸಿತು. ಹನ್ನೊಂದು ವರ್ಷಗಳ ಹಿಂದೆ ಜನರು ಮತ ಹಾಕಿ ತಿರಸ್ಕರಿಸಿದ್ದ ದಾರಿಯಲ್ಲೇ, ಮಳಿಗೆಗಿಂತ ಎಷ್ಟೋ ಪಾಲು ದೊಡ್ಡದಾದದ್ದು ಬಂದು ನಿಂತಿತು.

ಈಗ ಪಕ್ಕದ ಮನೆಗಳ ಬೀದಿಗೆ ಹೊರಳೋಣ. ಪಂದ್ಯ ಅಥವಾ ಸಂಗೀತ ಕಾರ್ಯಕ್ರಮವಿರುವ ದಿನ ಇಂಥ ಬೀದಿಗಳಲ್ಲಿ ನಗರಸಭೆಯ ಪರವಾನಗಿ ಇದ್ದರೆ ಮಾತ್ರ ಕಾರು ನಿಲ್ಲಿಸಬಹುದು. ಇಲ್ಲೇ ಹುಟ್ಟಿ ಬೆಳೆದವರೂ ತಮ್ಮ ಬಾಗಿಲ ಮುಂದಿನ ರಸ್ತೆಯಲ್ಲಿ ವಾಹನ ನಿಲ್ಲಿಸಲು ಆ ಅನುಮತಿ ಪಡೆದಿರಬೇಕು.